ಮೊದಲು ಹೆಸರು, ಆಮೇಲೆ ತೀರ್ಪು

1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿಯ ಬುನಾದಿಯ ಮೇಲೆಯೇ ಇಮೇಲ್ ಇಂದಿಗೂ ಓಡಾಡುತ್ತಿದೆ. ಕಳುಹಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಅಂಚೆ ಲಕೋಟೆಯ ‘ಇಂದ’ ವಿಳಾಸದ ಹಾಗೆ, ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆದುಕೊಳ್ಳಬಹುದಿತ್ತು. ಬೇಡದ ಪತ್ರಗಳ ಕಾಟ ಹೆಚ್ಚಿದಾಗ ಸರ್ವರ್ ನಡೆಸುವವರು ಪತ್ರದೊಳಗಿನ ಪದಗಳನ್ನು ಜಾಲಾಡತೊಡಗಿದರು. 2002ರಲ್ಲಿ ಪಾಲ್ ಗ್ರಹಾಂ ಜನಪ್ರಿಯಗೊಳಿಸಿದ ಸಂಭವನೀಯತೆಯ ಲೆಕ್ಕವೂ ಇದೇ ದಾರಿಯದು: ಒಂದು ಪದ ಸ್ಪ್ಯಾಮ್‌ನಲ್ಲಿ ಎಷ್ಟು ಸಲ ಬಂದಿದೆ, ಒಳ್ಳೆಯ ಪತ್ರದಲ್ಲಿ ಎಷ್ಟು ಸಲ ಎಂದು ಎಣಿಸುವುದು. ಅದು ಇಂದಿಗೂ ಉಪಯುಕ್ತವೇ. ಆದರೆ ಬ್ಯಾಂಕಿನ ಪತ್ರವನ್ನು ಅಕ್ಷರ ಬಿಡದೆ ನಕಲು ಮಾಡಿದ ವಂಚಕನೆದುರು ಈ ಎಣಿಕೆ ಸೋಲುತ್ತದೆ; ಅಲ್ಲಿ ಸುಳ್ಳಾಗಿರುವುದು ಹೆಸರು. ಆದ್ದರಿಂದ ಹೆಸರನ್ನು ಖಚಿತಪಡಿಸಿಕೊಂಡ ಮೇಲೆಯೇ ಪತ್ರವನ್ನು ತೂಗಬೇಕು ಎಂಬುದು ನನ್ನ ವಾದ.

ಯಾಹೂನಲ್ಲಿದ್ದ ಮಾರ್ಕ್ ಡೆಲನಿ ರೂಪಿಸಿದ ಡೊಮೇನ್‌ಕೀಸ್, ಸಿಸ್ಕೊದ ಇನ್ನೊಂದು ವಿಧಾನದೊಡನೆ ಬೆರೆತು 2007ರಲ್ಲಿ ಡಿಕೆಐಎಂ ಎಂಬ ಮಾನಕವಾಯಿತು. ಕಳುಹಿಸುವ ಸರ್ವರ್ ಪತ್ರದ ಒಡಲಿನಿಂದಲೂ ಆಯ್ದ ಹೆಡರ್‌ಗಳಿಂದಲೂ ಹ್ಯಾಶ್ ತೆಗೆದು, ತನ್ನ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ. ಅದರ ಜೋಡಿ ಕೀಲಿ ಡೊಮೇನಿನ ಡಿಎನ್‌ಎಸ್ ದಾಖಲೆಯಲ್ಲಿ ಎಲ್ಲರಿಗೂ ಸಿಗುವಂತಿರುತ್ತದೆ. ಪಡೆಯುವ ಸರ್ವರ್ ಅದನ್ನು ತಂದು ತಾಳೆ ನೋಡುತ್ತದೆ. ಸಹಿಯಾದ ಭಾಗದಲ್ಲಿ ಒಂದಕ್ಷರ ಬದಲಾದರೂ ತಾಳೆ ತಪ್ಪುತ್ತದೆ. ಪತ್ರ ಕನ್ನಡದಲ್ಲಿರಲಿ, ಜಪಾನಿಯಲ್ಲಿರಲಿ, ಲೆಕ್ಕ ಒಂದೇ. 2008ರಲ್ಲಿ ಜಿಮೇಲ್, ಪೇಪಾಲ್ ಮತ್ತು ಇಬೇ ಹೆಸರಿನಲ್ಲಿ ಬರುವ ಸಹಿಯಿಲ್ಲದ ಪತ್ರಗಳನ್ನು ಬಾಗಿಲಲ್ಲೇ ತಡೆಯತೊಡಗಿತು. ಆ ಕಂಪನಿಗಳು ತಮ್ಮ ಎಲ್ಲ ಪತ್ರಗಳಿಗೂ ಸಹಿ ಹಾಕುತ್ತಿದ್ದುದರಿಂದಲೇ ಅದು ಸಾಧ್ಯವಾದದ್ದು.

ಸ್ಪ್ಯಾಮ್ ಕಳುಹಿಸುವವನೂ ಡೊಮೇನ್ ಕೊಂಡು ಸಹಿ ಹಾಕುತ್ತಾನಲ್ಲ ಎಂದು ಕೇಳುವವರಿದ್ದಾರೆ. ಹಾಕುತ್ತಾನೆ, ನಿಜ. ಸಹಿ ಯಾರ ಸಜ್ಜನಿಕೆಗೂ ಪ್ರಮಾಣಪತ್ರವಲ್ಲ. ಆದರೆ ಸಹಿ ಹಾಕಿದ ಕ್ಷಣದಿಂದ ಅವನ ನಡತೆ ಅವನದೇ ಡೊಮೇನಿನ ಖಾತೆಗೆ ಜಮೆಯಾಗುತ್ತದೆ. ಅದನ್ನು ನೋಡಿ ಅವನನ್ನು ಹೊರಗಿಡಬಹುದು. ಇನ್ನೊಬ್ಬರ ಹೆಸರಿನಲ್ಲಿ ಮುಖ ತೋರಿಸುತ್ತ ತನ್ನ ಡೊಮೇನಿನ ಸಹಿ ಹಾಕುವ ಉಪಾಯವನ್ನು ತಡೆಯಲು 2012ರಲ್ಲಿ ಪ್ರಕಟವಾದ ಡಿಮಾರ್ಕ್ ಇದೆ: ‘ಇಂದ’ ವಿಳಾಸದ ಡೊಮೇನಿಗೂ ಸಹಿಯ ಡೊಮೇನಿಗೂ ಹೊಂದಿಕೆ ಇದೆಯೇ ಎಂದು ಅದು ನೋಡುತ್ತದೆ. ಕೀಲಿ ಮಾತ್ರ ಗಟ್ಟಿಯಾಗಿರಬೇಕು. 512 ಬಿಟ್‌ನ ಕೀಲಿಯನ್ನು ಒಡೆಯಬಹುದೆಂದು 2012ರಲ್ಲಿ ಗಣಿತಜ್ಞ ಜಕಾರಿ ಹ್ಯಾರಿಸ್ ಗೂಗಲ್‌ನ ಕೀಲಿಯ ಮೇಲೆಯೇ ತೋರಿಸಿದರು. 2018ರ ನಿಯಮದಂತೆ 1024 ಬಿಟ್ ಕನಿಷ್ಠ, 2048 ಅಪೇಕ್ಷಣೀಯ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಪ್ರಾಮಾಣಿಕರ ಪತ್ರಗಳೂ ಕಳೆದುಹೋಗುತ್ತವೆ. ಚರ್ಚಾ ಗುಂಪಿನ ಸರ್ವರ್ ಪತ್ರದ ಕೊನೆಗೆ ಒಂದು ಸಾಲು ಸೇರಿಸಿದರೂ ಸಹಿ ಮುರಿಯುತ್ತದೆ. 2014ರಲ್ಲಿ ಯಾಹೂ, ಹೊಂದಿಕೆಯಿಲ್ಲದ ಪತ್ರಗಳನ್ನು ತಿರಸ್ಕರಿಸಿ ಎನ್ನುವ ಕಟ್ಟುನಿಟ್ಟಿನ ಡಿಮಾರ್ಕ್ ನೀತಿಗೆ ಬದಲಾದಾಗ ಇಂಥ ಗುಂಪುಗಳು ನಿಜಕ್ಕೂ ತೊಂದರೆಪಟ್ಟವು. ಇದಕ್ಕೆ ಉತ್ತರ ಡಿಕೆಐಎಂ ಮಾನಕದಲ್ಲೇ ಇದೆ: ಮುರಿದ ಸಹಿಯನ್ನು ಸಹಿಯಿಲ್ಲದ ಪತ್ರದಂತೆ ಕಾಣಬೇಕು, ಅದಕ್ಕಿಂತ ಕೀಳಾಗಿ ಅಲ್ಲ. ಅದನ್ನು ಅಪರಾಧವೆಂದು ಬಗೆಯುವ ಫಿಲ್ಟರ್ ಅಮಾಯಕರನ್ನು ಶಿಕ್ಷಿಸುತ್ತದೆ.

2024ರ ಫೆಬ್ರುವರಿಯಿಂದ, ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್‌ಗೆ ಕಳುಹಿಸುವವರಿಗೆ ಡಿಕೆಐಎಂ, ಡಿಮಾರ್ಕ್ ಎರಡೂ ಕಡ್ಡಾಯ. ಕಾಲೇಜು, ಸಹಕಾರ ಸಂಘ, ಪತ್ರಿಕಾ ಕಚೇರಿಗಳ ಸರ್ವರ್ ನೋಡಿಕೊಳ್ಳುವವರು ಆ ಸಂಖ್ಯೆಗಾಗಿ ಕಾಯಬೇಕಿಲ್ಲ. 2048 ಬಿಟ್ ಕೀಲಿ ಹಾಕಿ, ಡಿಮಾರ್ಕ್ ನೀತಿಯನ್ನು ಮೊದಲು ಬರಿಯ ವರದಿ ಪಡೆಯುವ ಹಂತದಲ್ಲಿಡಿ. ನಿಮ್ಮ ಹೆಸರಿನಲ್ಲಿ ಯಾರು ಯಾರು ಪತ್ರ ಕಳುಹಿಸುತ್ತಿದ್ದಾರೆ ಎಂಬುದನ್ನು ಆ ವರದಿಗಳಲ್ಲಿ ಕೆಲವು ವಾರ ಓದಿ, ಆಮೇಲೆ ಬಾಗಿಲು ಬಿಗಿ ಮಾಡಿ.