ಮಹಡಿಗೊಯ್ಯುವ ಪೆಟ್ಟಿಗೆ

ನಮ್ಮ ಮನೆ ಇರುವುದು ಮೂರನೆಯ ಮಹಡಿಯಲ್ಲಿ. ತಾಯಿಯವರ ಮೊಣಕಾಲ ನೋವು ಹೆಚ್ಚಿದ ಮೇಲೆ ಐವತ್ತನಾಲ್ಕು ಮೆಟ್ಟಿಲುಗಳು ಅವರ ಪಾಲಿಗೆ ಬೆಟ್ಟವಾದುವು. ದೇವಸ್ಥಾನ, ನೆಂಟರ ಮನೆ ಎಲ್ಲವೂ ನಿಂತುಹೋದುವು. ಹಳೆಯ ಕಟ್ಟಡ, ನಿವಾಸಿಗಳೆಲ್ಲ ಕೂಡಿ ಲಿಫ್ಟ್ ಹಾಕಿಸಲು ನಿಶ್ಚಯಿಸಿದಾಗ ದರಪಟ್ಟಿ ತರಿಸುವ ಕೆಲಸ, ಕನ್ನಡ ಪಾಠ ಹೇಳುವ ನನ್ನ ತಲೆಗೆ ಬಂದಿತು. ಬಂದ ಮೂರು ಪಟ್ಟಿಗಳಲ್ಲಿಯೂ ಕನ್ನಡಿ, ದೀಪಗಳ ವರ್ಣನೆಯೇ ಹೆಚ್ಚು.

ಲಿಫ್ಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬಾವಿಯ ರಾಟೆಯ ಬಂಧು. ರಾಟೆಯ ಮೇಲೆ ಹಾದ ಉಕ್ಕಿನ ಹಗ್ಗಗಳು ಒಂದು ಕಡೆ ನಾವು ನಿಲ್ಲುವ ಪೆಟ್ಟಿಗೆಯನ್ನೂ ಇನ್ನೊಂದು ಕಡೆ ಸಮತೂಕದ ಭಾರವನ್ನೂ ಹೊತ್ತಿರುತ್ತವೆ. ಖಾಲಿ ಪೆಟ್ಟಿಗೆಯ ತೂಕದ ಜೊತೆಗೆ ಅದು ಹೊರಬಲ್ಲ ಹೊರೆಯ ಸುಮಾರು ಅರ್ಧದಷ್ಟು ಆ ಭಾರದಲ್ಲಿ ಸೇರಿರುತ್ತದೆ. ಆದುದರಿಂದ ಮೋಟಾರು ಎತ್ತಬೇಕಾದುದು ಎರಡರ ವ್ಯತ್ಯಾಸವನ್ನು ಮಾತ್ರ. ವಿದ್ಯುತ್ ಖರ್ಚೂ ಕಡಮೆ. ಹಿಂದೆ ಇದಕ್ಕೆ ತಾರಸಿಯ ಮೇಲೆ ಯಂತ್ರದ ಕೋಣೆ ಕಟ್ಟುತ್ತಿದ್ದರು. 1990ರ ದಶಕದಿಂದೀಚೆಗೆ ಲಿಫ್ಟಿನ ಬಾವಿಯೊಳಗೇ ಮೋಟಾರನ್ನು ಕೂಡಿಸುವ ಮಾದರಿಗಳು ಬಳಕೆಗೆ ಬಂದಿವೆ.

ಎರಡನೆಯದು ಎಣ್ಣೆಯ ಒತ್ತಡದಿಂದ ನಡೆಯುವುದು. ವಿದ್ಯುತ್ ಪಂಪು ನೂಕಿದ ಎಣ್ಣೆ ಪಿಸ್ಟನನ್ನು ಮೇಲೆತ್ತುತ್ತದೆ; ಇಳಿಯುವಾಗ ಪೆಟ್ಟಿಗೆಯ ತೂಕವೇ ಸಾಕು. ಇದು ನಿಧಾನದ್ದು, ಎರಡು ಮೂರು ಅಂತಸ್ತಿನ ಸ್ವಂತ ಮನೆಗೆ ಚೆನ್ನಾಗಿ ಒಪ್ಪುತ್ತದೆ. ಹಲವು ಸಂಸಾರಗಳು ದಿನವಿಡೀ ಹತ್ತಿಳಿಯುವ ಕಟ್ಟಡಕ್ಕೆ ಮೊದಲನೆಯದೇ ಲೇಸೆಂದು ನನಗೆ ತೋರಿತು.

"ಹಗ್ಗ ಹರಿದರೆ?" ತಾಯಿಯವರ ಮೊದಲ ಪ್ರಶ್ನೆ ಇದು. ವಿದ್ಯುತ್ ಲಿಫ್ಟ್ ಹುಟ್ಟುವುದಕ್ಕೆ ಮೊದಲೇ, 1854ರಲ್ಲಿ, ಇದಕ್ಕೆ ಉತ್ತರ ದೊರೆತಿತ್ತು. ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎಲೀಷಾ ಓಟಿಸ್ ಎಂಬಾತ ಎತ್ತರದ ಹಲಗೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಜನರೆದುರಿಗೇ ಕಡಿಸಿದ. ಹಲಗೆ ಚೂರು ಜಾರಿ ನಿಂತುಬಿಟ್ಟಿತು! ಇಂದಿನ ಲಿಫ್ಟಿನಲ್ಲಿಯೂ ವೇಗ ಮಿತಿಮೀರಿದೊಡನೆ ಪಕ್ಕದ ಕಂಬಿಗಳನ್ನು ಕಚ್ಚಿಹಿಡಿಯುವ ಸಾಧನವಿದೆ.

ನನ್ನ ಚಿಂತೆ ಬೇರೆ: ವಿದ್ಯುತ್ ಹೋದರೆ? ಬ್ರೇಕನ್ನು ಸಡಿಲಿಸಿ ಹಿಡಿದಿರುವುದೇ ವಿದ್ಯುತ್ತು. ಅದು ನಿಂತರೆ ಸ್ಪ್ರಿಂಗುಗಳು ಬ್ರೇಕನ್ನು ಬಿಗಿಯುತ್ತವೆ. ಪೆಟ್ಟಿಗೆ ಬೀಳದು, ನಿಜ. ಆದರೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡೀತು. ಎಪ್ಪತ್ತು ದಾಟಿದವರಿಗೆ ಅಲ್ಲಿ ಕಳೆಯುವ ಅರ್ಧ ಗಂಟೆ ಎಂಥದೆಂಬುದನ್ನು ದರಪಟ್ಟಿ ಬರೆದವರು ಯೋಚಿಸಿರಲಾರರು. ಬ್ಯಾಟರಿಯ ಬಲದಿಂದ ಸಮೀಪದ ಮಹಡಿಗೆ ತಂದು ಬಾಗಿಲು ತೆರೆಯುವ ಸಾಧನವುಂಟು. ಮೂರರಲ್ಲಿ ಒಂದು ಪಟ್ಟಿ ಅದನ್ನು ಬಿಟ್ಟಿತ್ತು; ಎಲ್ಲಕ್ಕಿಂತ ಅಗ್ಗವಾಗಿದ್ದುದೂ ಅದೇ. ಸಭೆಯಲ್ಲಿ ಹೆಚ್ಚು ಕೈಗಳು ಅದರ ಪರವಾಗಿಯೇ ಎದ್ದಿದ್ದುವು. ಇಳಿಸಲು ಎರಡು ಸಂಜೆ ಹಿಡಿಯಿತು.

ಇನ್ನು ಗಾತ್ರ. ತಲೆಗೆ 68 ಕಿಲೋ ಲೆಕ್ಕದಲ್ಲಿ ನಾಲ್ವರ ಲಿಫ್ಟಿಗೆ 272 ಕಿಲೋ, ಆರು ಜನರದಕ್ಕೆ 408. ತೂಕದ ಲೆಕ್ಕವೇನೋ ಸರಿ. ಗಾಲಿಕುರ್ಚಿ ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಕುರ್ಚಿಯೊಂದನ್ನು ಅಳೆದು ನೋಡಿ, ಬಾಗಿಲು 80 ಸೆಂಟಿಮೀಟರಿಗೆ ಕಡಮೆಯಾಗಕೂಡದೆಂದು ಹಟ ಹಿಡಿದೆ. ಆರು ಜನರದೇ ಗೊತ್ತಾಯಿತು.

ಈಗ ಬಾವಿಗೆ ಪಾಯ ತೋಡುತ್ತಿದ್ದಾರೆ. ತಾಯಿಯವರು ಕಿಟಕಿಯಿಂದ ದಿನವೂ ನೋಡುತ್ತಾರೆ. "ಒಳಗೆ ಕೂತುಕೊಳ್ಳೋದಕ್ಕೆ ಒಂದು ಮಣೆ ಇರುತ್ತೇನೋ?" ಎಂದು ನಿನ್ನೆ ಕೇಳಿದರು. ಮಡಿಸುವ ಆಸನಕ್ಕೆ ಬೇರೆ ದರ ಕೇಳಿ ಬರೆದಿದ್ದೇನೆ.