ಬೆಂಗಳೂರಿನ ಜಹಗೀರುದಾರ ಷಹಾಜಿ ಭೋಂಸ್ಲೆ

ಷಹಾಜಿ ಭೋಂಸ್ಲೆಯನ್ನು ಶಿವಾಜಿಯ ತಂದೆಯೆಂದಷ್ಟೇ ಪರಿಚಯಿಸುವುದು ರೂಢಿ. ಆತನ ಬಾಳಿನ ಕೊನೆಯ ಕಾಲು ಶತಮಾನ ಬಹುಮಟ್ಟಿಗೆ ದಕ್ಷಿಣದಲ್ಲಿಯೇ, ಮುಖ್ಯವಾಗಿ ಕನ್ನಡ ನಾಡಿನಲ್ಲಿ ಕಳೆಯಿತೆಂಬುದು ಹಿನ್ನೆಲೆಗೆ ಸರಿದಿದೆ.

ಅಹಮದ್‌ನಗರದ ನಿಜಾಮಶಾಹಿಯಲ್ಲಿ ಬೆಳೆದ ಈ ಸರದಾರ ಒಮ್ಮೆ ಬಿಜಾಪುರದ, ಒಮ್ಮೆ ಮೊಘಲರ ಪಕ್ಷ ಹಿಡಿದು, ಕಡೆಗೆ ಅಳಿಯುತ್ತಿದ್ದ ನಿಜಾಮಶಾಹಿಯನ್ನು ಬಾಲಕನೊಬ್ಬನ ಹೆಸರಿನಲ್ಲಿ ಎತ್ತಿ ನಿಲ್ಲಿಸಲು ಹೆಣಗಿದನು. 1636ರಲ್ಲಿ ಷಾಹಜಹಾನನಿಗೂ ಬಿಜಾಪುರಕ್ಕೂ ಒಪ್ಪಂದವಾಗಲು ಆ ಯತ್ನ ಮುಗಿದು, ಆತ ಆದಿಲಶಾಹಿಯ ಸೇವೆಗೆ ಸೇರಿದನು. ಇಂಥವನನ್ನು ಪುಣೆಯಿಂದ ದೂರವಿಡುವುದು ಉಭಯ ಪಕ್ಷಗಳಿಗೂ ಹಿತವೆನಿಸಿದ್ದರೆ ಆಶ್ಚರ್ಯವಿಲ್ಲ.

1638ರಲ್ಲಿ ರಣದುಲ್ಲಾ ಖಾನನ ಸೇನೆ ಬೆಂಗಳೂರನ್ನು ಹಿಡಿಯಿತು. ಇಮ್ಮಡಿ ಕೆಂಪೇಗೌಡನು ಪಶ್ಚಿಮದ ಮಾಗಡಿ, ಸಾವನದುರ್ಗಗಳನ್ನು ಉಳಿಸಿಕೊಂಡನು. ಇಂದು ರಾಜಾಜಿನಗರ, ವಿಜಯನಗರಗಳ ನಡುವೆ ಹಾಯುವ ಮಾಗಡಿ ರಸ್ತೆಯ ದಿಕ್ಕಿನಲ್ಲಿ ಅಂದು ಎರಡು ಬಗೆಯ ಒಡೆತನಗಳು ಎದುರುಬದುರಾದವು: ಅತ್ತ ವಂಶಪಾರಂಪರ್ಯದ ಪಾಳೆಯಗಾರ, ಇತ್ತ ಸುಲ್ತಾನನ ಜಹಗೀರುದಾರ.

ಜಹಗೀರೆಂದರೆ ಭೂಮಿಯ ಸ್ವಾಮ್ಯವಲ್ಲ. ದಂಡನ್ನು ಸಾಕುವ ಹೊಣೆಯೊಡನೆ ದೊರೆತ ಕಂದಾಯದ ಹಕ್ಕು. ಕೊಟ್ಟವರು ಕಸಿದುಕೊಳ್ಳಲೂಬಹುದು. ಬೆಂಗಳೂರಿನೊಡನೆ ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಪ್ರದೇಶಗಳ ಆಡಳಿತವೂ ಷಹಾಜಿಯ ಕೈಸೇರಿದರೂ ಈ ಅಭದ್ರತೆ ತಪ್ಪಲಿಲ್ಲ. 1648ರಲ್ಲಿ ಜಿಂಜಿಯ ದಂಡಯಾತ್ರೆಯ ಕಾಲದಲ್ಲಿ ಬಿಜಾಪುರದ ಸೇನಾನಿ ಮುಸ್ತಫಾ ಖಾನನೇ ಅವನನ್ನು ಸೆರೆಹಿಡಿಸಿದನು. ಮರುವರ್ಷ ಬಿಡುಗಡೆಯಾಯಿತು, ಅದಕ್ಕೆ ಶಿವಾಜಿಯು ಕೊಂಡಾಣ ಕೋಟೆಯನ್ನು ತೆರಬೇಕಾಯಿತು. ಮಗನ ಸಾಹಸಕ್ಕೆ ತಂದೆ ಒತ್ತೆಯಾಳಾದ ಈ ಪ್ರಸಂಗದಲ್ಲಿ ಆತನ ನಿಜವಾದ ಸ್ಥಾನ ಬಯಲಾಗುತ್ತದೆ. ಸ್ವತಂತ್ರ ದೊರೆಯೆಂದು ಅವನನ್ನು ಬಣ್ಣಿಸುವವರು ಇದನ್ನು ಮರೆಯಬಾರದು.

ಆದರೂ ದೊರೆಯ ಠೀವಿಗೆ ಕೊರತೆಯಿರಲಿಲ್ಲ. ಆಸ್ಥಾನಕವಿ ಜಯರಾಮ ಪಿಂಡ್ಯೆಯ ಸಂಸ್ಕೃತ ಕೃತಿ 'ರಾಧಾಮಾಧವ ವಿಲಾಸ ಚಂಪು' ಷಹಾಜಿಯ ಸಭೆಯನ್ನು ಚಿತ್ರಿಸುತ್ತದೆ. ಅಲ್ಲಿ ಹಲವು ಭಾಷೆಗಳ ಕವಿತೆಗಳ ನಡುವೆ ಕನ್ನಡಕ್ಕೂ ಎಡೆಯಿದೆ. ಸ್ತುತಿಕಾವ್ಯವನ್ನು ಯಥಾವತ್ತಾಗಿ ನಂಬಲಾಗದು; ಆದರೆ ಬೆಂಗಳೂರಿನ ಬಹುಭಾಷಿಕತೆ ದಂಡುಪ್ರದೇಶದ ಕಾಲದಿಂದ ಮೊದಲಾಯಿತೆಂಬ ಎಣಿಕೆಯನ್ನು ಅದು ಅಲುಗಿಸುತ್ತದೆ.

1664ರ ಜನವರಿಯಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ಷಹಾಜಿ ಮಡಿದನು. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಸಮಾಧಿಯಿದೆ. ಜಹಗೀರು ಮಗ ಏಕೋಜಿಗೆ ಬಂದಿತಾದರೂ ಅವನು ತಂಜಾವೂರಿನಲ್ಲಿ ನೆಲೆಯೂರಿದನು. 1687ರಲ್ಲಿ ಮೊಘಲ್ ಸೇನಾನಿ ಖಾಸಿಂ ಖಾನನ ವಶವಾದ ಬೆಂಗಳೂರು, ಮೂರು ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜ ಒಡೆಯರ ಪಾಲಾಯಿತೆಂದು ಹೇಳಲಾಗುತ್ತದೆ. ಮಾಗಡಿಯಲ್ಲಿ ಕೆಂಪೇಗೌಡನ ವಂಶದ ಆಳ್ವಿಕೆ 1728ರವರೆಗೂ ನಡೆಯಿತು.