ಮಕ್ಕಳಿರುವ ಮನೆಯಲ್ಲಿ ನಗೆಯೂ ನಿದ್ರೆಯೂ

ಬೆಳಗಿನ ಐದೂವರೆ ಗಂಟೆ. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿಕೊಂಡು ನಮ್ಮ ಯಜಮಾನರು ಪೂಜೆಗೆ ಕುಳಿತಿದ್ದರು. ಮನೆಯಲ್ಲಿ ಎಂದೂ ಇಲ್ಲದ ನಿಶ್ಶಬ್ದ. ಆಗ ಐದು ವರ್ಷದ ಮಗಳು ಪೂಜಾಗೃಹದ ಬಾಗಿಲಿನಿಂದ ಓಡಿ ಬಂದು, ಓಣಿಗೆಲ್ಲ ಕೇಳುವಂತೆ ಸಾರಿದಳು: “ಅವ್ವಾ, ಅಪ್ಪಾ ಶಿವಪ್ಪನ ಮುಂದ ಗೊರಕಿ ಹೊಡ್ಯಾಕ ಹತ್ಯಾನ!”

ಲಿಂಗ ಮಾತ್ರ ಅಂಗೈಯಲ್ಲಿ ಭದ್ರವಾಗಿತ್ತೆಂಬುದನ್ನು ಓದುಗರ ಸಮಾಧಾನಕ್ಕಾಗಿ ಮೊದಲೇ ತಿಳಿಸುತ್ತೇವೆ. ಯಜಮಾನರು ಗಾಬರಿಯಿಂದ ಕಣ್ತೆರೆದು, ನಾಚಿ, ಪುನಃ ನೆಟ್ಟಗೆ ಕುಳಿತರು. ಒಲೆಯ ಮುಂದಿದ್ದ ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, “ಇರಲಿ ಬಿಡವ್ವಾ, ರಾತ್ರಿಯೆಲ್ಲಾ ಕೂಸಿನ ಸೇವಾ ಮಾಡ್ಯಾನ. ಶಿವಾ ಏನೂ ಅನ್ನೂದಿಲ್ಲ” ಎಂದರು. ಎಂಟು ತಿಂಗಳ ಮಗ ಹಿಂದಿನ ರಾತ್ರಿ ನಾಲ್ಕು ಬಾರಿ ಎದ್ದಿದ್ದ. ಎರಡು ಸರದಿ ತಾಯಿಯದಾಗಿದ್ದರೆ, ಎರಡು ತಂದೆಯದು.

ಮಕ್ಕಳು ಶಿವನ ಪ್ರಸಾದವೆಂದು ನಮ್ಮ ಸಮಾಜದಲ್ಲಿ ಎಲ್ಲರೂ ಹೇಳುತ್ತಾರೆ; ಅದು ಸತ್ಯವೂ ಹೌದು. ಆದರೆ ಆ ಪ್ರಸಾದವು ಎಷ್ಟು ದಣಿಸುತ್ತದೆಂಬುದನ್ನು ಹೇಳುವವರು ಕಡಿಮೆ. ಹೇಳಿದರೆ ಕೃತಘ್ನರೆನಿಸಿಕೊಂಡೇವೆಂಬ ಅಂಜಿಕೆಯಿಂದ ನಾವೂ ಬಹುಕಾಲ ಸುಮ್ಮನಿದ್ದೆವು.

ನವಜಾತ ಶಿಶುವು ದಿನಕ್ಕೆ 14ರಿಂದ 17 ಗಂಟೆ ನಿದ್ರಿಸುತ್ತದೆಂದು ವೈದ್ಯರು ಹೇಳುತ್ತಾರೆ. ಹಾಗಿದ್ದ ಮೇಲೆ ತಾಯಿಗೇಕೆ ನಿದ್ರೆಯಿಲ್ಲ? ಆ ನಿದ್ರೆ ಎರಡು, ಮೂರು ಗಂಟೆಗಳ ತುಂಡುಗಳಲ್ಲಿ ಬರುತ್ತದೆ. ನಡುನಡುವೆ ದಿನಕ್ಕೆ 8ರಿಂದ 12 ಸಲ ಹಾಲೂಡಿಸಬೇಕು. ಹಗಲು ಯಾವುದು, ಇರುಳು ಯಾವುದು ಎಂಬ ಅರಿವು ಕೂಸಿನ ದೇಹಕ್ಕೆ ಬರಲು ಎರಡು ಮೂರು ತಿಂಗಳು ಬೇಕು. ಕಾರಣವೇ ತಿಳಿಯದೆ ಸಂಜೆಯ ಹೊತ್ತು ಗಂಟೆಗಟ್ಟಲೆ ಅಳುವ ಕೂಸುಗಳೂ ಉಂಟು. ಆ ಅಳು ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ಹೆಚ್ಚಿನ ಮಟ್ಟ ಮುಟ್ಟಿ, ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದು ತಾಯಿಯ ಹಾಲಿನ ದೋಷವೂ ಅಲ್ಲ, ಕಣ್ಣುಬಿದ್ದುದೂ ಅಲ್ಲ. ಇದನ್ನು ಮೊದಲ ಮಗುವಿನ ವೇಳೆ ಯಾರಾದರೂ ನಮಗೆ ಹೇಳಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ನಮ್ಮ ಹಿರಿಯರು ಈ ದಣಿವನ್ನು ಅರಿಯದವರಲ್ಲ. ಚೊಚ್ಚಲ ಹೆರಿಗೆಗೆ ತವರು, ನಲವತ್ತು ದಿನಗಳ ಬಾಣಂತನ, ಎಣ್ಣೆನೀರು, ಅಂಟಿನ ಉಂಡಿ ಇವೆಲ್ಲ ಅದಕ್ಕಾಗಿಯೇ ಇದ್ದವು. ಕೆಂಡದ ಹೊಗೆ ಹಾಕುವುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ, ನಾವೂ ಬಿಟ್ಟಿದ್ದೇವೆ. ಆದರೆ ಬಾಣಂತನದ ತಿರುಳು ಹೊಗೆಯಲ್ಲಿರಲಿಲ್ಲ. ಕೂಸನ್ನು ಎತ್ತಿಕೊಳ್ಳಲು ಇನ್ನೆರಡು ತೋಳುಗಳು ಸದಾ ಸಿದ್ಧವಿದ್ದುದೇ ಅದರ ತಿರುಳು. ಸರ್ಕಾರವೂ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12 ವಾರಗಳ ರಜೆಯನ್ನು, ಮೊದಲ ಎರಡು ಮಕ್ಕಳ ಮಟ್ಟಿಗೆ, 2017ರಲ್ಲಿ 26 ವಾರಗಳಿಗೆ ಏರಿಸಿತು. ಹೊಲದಲ್ಲಿ ದುಡಿಯುವ ತಾಯಂದಿರಿಗೆ ಆ ರಜೆ ಎಲ್ಲಿಯದು? ಅವರ ಪಾಲಿಗೆ ಇಂದಿಗೂ ತವರೇ ಕಾಯ್ದೆ. ನಲವತ್ತು ದಿನಗಳು ಮುಗಿದುವೆಂಬುದು ಕೂಸಿಗಂತೂ ತಿಳಿಯದು.

ಇಲ್ಲಿ ಒಂದು ರಾತ್ರಿಯ ಸಂಗತಿಯನ್ನು ಹೇಳಲೇಬೇಕು. ಕಳೆದ ಶ್ರಾವಣದಲ್ಲಿ ಅತ್ತೆಯವರು ಪ್ರವಚನ ಕೇಳಲೆಂದು ನಾದಿನಿಯ ಊರಿಗೆ ಹೋಗಿದ್ದರು. ಯಜಮಾನರು ಕೆಲಸದ ಮೇಲೆ ಪರಸ್ಥಳದಲ್ಲಿದ್ದರು. ಮಗನಿಗೆ ನೆಗಡಿ, ಮೂಗು ಕಟ್ಟಿದ್ದರಿಂದ ಹಾಲು ಕುಡಿಯಲಾರದೆ ಅತ್ತು ಅತ್ತು, ರಾತ್ರಿ ಒಂದೂವರೆಗೆ ಹೆಗಲ ಮೇಲೆ ನಿದ್ದೆ ಹೋದ. ಉಸಿರು ಬಿಗಿಹಿಡಿದು ಅವನನ್ನು ತೊಟ್ಟಿಲಲ್ಲಿ ಮಲಗಿಸುವಷ್ಟರಲ್ಲಿ, ನೀರು ಕುಡಿಯಲೆಂದು ಎದ್ದ ಮಗಳು ಕತ್ತಲೆಯಲ್ಲಿ ಹಿತ್ತಾಳೆಯ ತಂಬಿಗೆಯನ್ನು ಉರುಳಿಸಿದಳು. ಅದು ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಸದ್ದು ಮಾಡುತ್ತ ಉರುಳಿತು.

ನಾವು ಒದರಿದೆವು. ಏನು ಒದರಿದೆವೆಂಬುದು ನೆನಪಿಲ್ಲ. ಕೈ ಮೇಲೆದ್ದಿದ್ದುದು ಮಾತ್ರ ಚೆನ್ನಾಗಿ ನೆನಪಿದೆ. ಮಗಳು ಅಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಕಣ್ಣರಳಿಸಿ, ಮೆಲ್ಲನೆ ಗದರಿಸಿದಳು: “ಶ್! ಒದರಬ್ಯಾಡ ಅವ್ವಾ, ತಮ್ಮ ಏಳ್ತಾನ.”

ಎಂಟು ತಿಂಗಳಿನಿಂದ ದಿನಕ್ಕೆ ಇಪ್ಪತ್ತು ಸಲ ನಾವು ಅವಳಿಗೆ ಹೇಳಿದ್ದ ಮಾತದು. ನಮ್ಮದೇ ಧ್ವನಿ, ನಮ್ಮದೇ ಬೆರಳು, ನಮ್ಮದೇ ಹುಬ್ಬುಗಂಟು! ಎತ್ತಿದ ಕೈ ಅಲ್ಲಿಯೇ ನಿಂತಿತು. ಮೊದಲು ನಗು ಬಂದಿತು. ಅದರ ಬೆನ್ನಿಗೇ ಅಳು. ಕೂಸು ಎದ್ದೇ ಎದ್ದಿತು. ಮೂರು ಗಂಟೆಯವರೆಗೆ ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆವು. ಮಗಳು ಡಬ್ಬಿಯಿಂದ ಚುರಮುರಿ ತಿನ್ನುತ್ತ, ತಮ್ಮನಿಗೆ ತಂಬಿಗೆಯನ್ನು ಹೇಗೆ ಉರುಳಿಸಬೇಕೆಂದು ಕಲಿಸುತ್ತಿದ್ದಳು.

ಆ ರಾತ್ರಿ ಕೈ ಎತ್ತಿಸಿದ್ದು ಮಗಳ ತಪ್ಪಲ್ಲ, ಎಂಟು ತಿಂಗಳ ನಿದ್ರಾಹೀನತೆ ಎಂಬುದು ನಮಗೆ ಸ್ಪಷ್ಟವಾಯಿತು. ಅವಳ ಮಾತು ಬಾರದಿದ್ದರೆ ಆ ಕೈ ಕೆಳಗಿಳಿಯುತ್ತಿತ್ತೆಂಬುದೂ ಸ್ಪಷ್ಟವಾಯಿತು. ನಗೆಯು ಅಂದು ಮನೆಯ ಮಾನ ಕಾಯಿತು. ಆದರೆ ನಗೆಯು ನಿದ್ರೆಯ ಬದಲಿಗೆ ಬರಲಾರದು; ಎರಡೂ ಬೇಕು.

ಇನ್ನೊಂದು ಮಾತನ್ನು ನಗೆಯಿಲ್ಲದೆ ಹೇಳಬೇಕಾಗಿದೆ. ಹೆರಿಗೆಯ ನಂತರ ಕೆಲವು ದಿನ ಅಕಾರಣವಾಗಿ ಅಳು ಬರುವುದು ಬಹಳ ತಾಯಂದಿರಲ್ಲಿ ಕಾಣುತ್ತದೆ. ಎರಡು ವಾರಗಳೊಳಗೆ ಅದು ತಿಳಿಯಾಗುತ್ತದೆ. ಅನಂತರವೂ ಮಂಕು ಕವಿದೇ ಇದ್ದರೆ, ಕೂಸು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಚಿಕಿತ್ಸೆಯಿರುವ ಕಾಯಿಲೆ. ವಿನೋದದಿಂದಲೂ ಬುದ್ಧಿವಾದದಿಂದಲೂ ಅದು ವಾಸಿಯಾಗುವುದಿಲ್ಲ. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕಾದವರು ಮನೆಯವರು.

ಕನ್ನಡದ ಹಾಸ್ಯಪತ್ರಿಕೆ ‘ಕೊರವಂಜಿ’ಯನ್ನು 1942ರಲ್ಲಿ ಆರಂಭಿಸಿದ ‘ರಾಶಿ’ಯವರು, ಅಂದರೆ ಎಂ. ಶಿವರಾಂ ಅವರು, ವೃತ್ತಿಯಿಂದ ವೈದ್ಯರು. ಮನಸ್ಸಿನ ವ್ಯಾಪಾರವನ್ನು ಕುರಿತು ಗ್ರಂಥ ಬರೆದವರು. ನಗೆಗೂ ಚಿಕಿತ್ಸೆಗೂ ಅವರು ಬೇರೆ ಬೇರೆ ಸ್ಥಾನ ಕೊಟ್ಟಿದ್ದರೆಂದು ನಾವು ತಿಳಿಯುತ್ತೇವೆ.

ವಿಶ್ರಾಂತಿಯ ಮಾತಿಗೆ ಬರೋಣ. “ಕಾಯಕ ಮಾಡುವವರ ಮನೆಯಲ್ಲಿ ವಿಶ್ರಾಂತಿಯ ಮಾತೇಕೆ?” ಎಂದು ಕೇಳುವ ಹಿರಿಯರಿದ್ದಾರೆ. ಅಂಥವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನಪಿಸುವುದುಂಟು. ಬಸವಣ್ಣನವರ ಮಹಾಮನೆಯಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಶರಣರೊಡನೆ ಅನುಭಾವದಲ್ಲಿ ಮೈಮರೆತು ಅವನು ಕಾಯಕಕ್ಕೆ ತಡಮಾಡಿದಾಗ ಎಚ್ಚರಿಸಿದವಳು ಲಕ್ಕಮ್ಮ. ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳುಹಿಸಿದವಳೂ ಅವಳೇ. ನಾವು ಮೊದಲನೆಯದನ್ನು ಮಕ್ಕಳಿಗೆ ಹೇಳುತ್ತೇವೆ, ಎರಡನೆಯದನ್ನು ನಮಗೆ ಹೇಳಿಕೊಳ್ಳುವುದಿಲ್ಲ.

ಶ್ರಾವಣದ ಆ ರಾತ್ರಿಯ ನಂತರ ನಮ್ಮ ಮನೆಗೆ ಬಂದ ಹೆಚ್ಚಿನ ಅಕ್ಕಿ ಯಾವುದೆಂದು ಗಂಡಹೆಂಡಿರು ಕೂಡಿ ಲೆಕ್ಕ ಹಾಕಿದೆವು. ಕೂಸಿನ ಅಂಗಿಗಳಿಗೆ ಇಸ್ತ್ರಿ. ಐದು ವರ್ಷದವಳಿಗೆ ವಾರಕ್ಕೆ ಮೂರು ದಿನ ಚಿತ್ರಕಲೆಯ ತರಗತಿ. ಶಾಲೆಗಾಗಿ ಅವಳ ಹೆಸರಿನಲ್ಲಿ ನಾವು ರಾತ್ರಿ ಹನ್ನೊಂದರವರೆಗೆ ಅಂಟಿಸುತ್ತಿದ್ದ ಬಣ್ಣದ ಕಾಗದಗಳು. ಕೂಸನ್ನು ನೋಡಲು ಬಂದವರಿಗೆಲ್ಲ ಶಿರಾ, ಉಪ್ಪಿಟ್ಟು, ಎರಡು ಸಲ ಚಹಾ. (ಮಲಗಿದ ಕೂಸನ್ನು ಎಬ್ಬಿಸಿ, “ಅಪ್ಪನ ಮೂಗು” ಎಂದು ತೀರ್ಮಾನಿಸಿ, ಅಳಿಸಿ, ನಮ್ಮ ಕೈಗೆ ಕೊಟ್ಟು ಹೋಗುವ ಬಂಧುಗಳಿಗೆ ನಾವು ಕೈಮುಗಿದು ಬೇಡುವುದಿಷ್ಟೇ: ಅದೇ ಮೂಗು ಕೂಸು ಎದ್ದ ಮೇಲೂ ಅಲ್ಲಿಯೇ ಇರುತ್ತದೆ.) ಇವುಗಳಲ್ಲಿ ಹಲವನ್ನು ಸುರಿದು ಬಂದೆವು. ಚಿತ್ರಕಲೆಯ ತರಗತಿ ಬಿಟ್ಟದ್ದಕ್ಕೆ ಮಗಳು ಸಂತೋಷಪಟ್ಟಳು. ಈಗ ಗೋಡೆಯ ಮೇಲೆಯೇ ಬರೆಯುತ್ತಾಳೆ.

ಪೂಜೆಯ ವಿಷಯದಲ್ಲಿ ಮಾತ್ರ ಸುರಿಯಲಿಲ್ಲ, ಹಂಚಿಕೊಂಡೆವು. ಜನನಸೂತಕವನ್ನು ಶರಣರು ಒಪ್ಪಲಿಲ್ಲ. ಆದುದರಿಂದ ಬಾಣಂತಿಯೂ ಲಿಂಗವನ್ನು ಕರದಲ್ಲಿ ಹಿಡಿಯಬಹುದು. ಬೇರೆಡೆ ಸ್ತ್ರೀಯರಿಗೆ ಸುಲಭವಾಗಿ ದೊರೆಯದ ಈ ಭಾಗ್ಯ ನಮಗಿದೆ. ಹೀಗಿದ್ದರೂ ಮನೆಯಲ್ಲಿ ಕೂಸು ಬಂದೊಡನೆ ಮೊದಲು ತಪ್ಪುವುದು ತಾಯಿಯ ಪೂಜೆಯೇ. ನಮ್ಮನ್ನು ಲಿಂಗದಿಂದ ದೂರವಿರಿಸಿದ್ದು ಸೂತಕವಲ್ಲ, ತೊಳೆಯಬೇಕಾದ ದುಪಟಿಗಳ ರಾಶಿ. ಈಗ ಐದೂವರೆಗೆ ಒಬ್ಬರು, ಆರಕ್ಕೆ ಇನ್ನೊಬ್ಬರು. ಆ ಹೊತ್ತಿನಲ್ಲಿ ಕೂಸು ಅತ್ತರೆ ಅದು ಹೊರಗಿರುವವರ ಪಾಲು. ಇಡೀ ದಿನದಲ್ಲಿ ಯಾರೂ ನಮ್ಮ ಸೆರಗು ಜಗ್ಗದ ಆ ಅರ್ಧ ಗಂಟೆಯಲ್ಲಿ ದೃಷ್ಟಿ ಅಂಗೈಯ ಮೇಲೆ ನಿಲ್ಲುತ್ತದೆ, ಉಸಿರು ತಾನೇ ನಿಧಾನವಾಗುತ್ತದೆ. ಒಮ್ಮೊಮ್ಮೆ ನಮಗೂ ಜೋಂಪು ಹತ್ತುವುದುಂಟು. ಮಗಳು ಅದನ್ನು ಇನ್ನೂ ಪತ್ತೆಹಚ್ಚಿಲ್ಲ.

ಮಧ್ಯಾಹ್ನದ ನಿದ್ರೆಗೆ ದಾರಿ ತೋರಿದವರು ಅತ್ತೆಯವರು. ಕೂಸು ಮಲಗಿದೊಡನೆ ನಾವು ಬಚ್ಚಲಿಗೆ ಓಡಿ ಪಾತ್ರೆ ತಿಕ್ಕುವುದನ್ನು ಅವರು ಒಂದು ವಾರ ನೋಡಿದರು. ಎಂಟನೆಯ ದಿನ ಕೈಯಿಂದ ನಾರು ಕಸಿದುಕೊಂಡು, “ಭಾಂಡೆ ಎಲ್ಲಿ ಓಡಿ ಹೋಗ್ತಾವ ಯವ್ವಾ? ಕೂಸು ಮಲಗ್ಯಾದ, ನೀನೂ ಅಡ್ಡಾಗು” ಎಂದರು. ಅತ್ತೆಯೊಬ್ಬರು ಸೊಸೆಗೆ ಹಗಲಿನಲ್ಲಿ ಮಲಗಲು ಹೇಳಿದ್ದು ಆ ಓಣಿಯಲ್ಲಿ ಮೂರು ದಿನ ಸುದ್ದಿಯಾಯಿತು. ಮೊದಲ ದಿನ ನಾಚಿಕೆಯಿಂದ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದೆವು. ಎರಡನೆಯ ದಿನ ನಿಜವಾದ ನಿದ್ರೆ ಬಂದಿತು. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟಿದ್ದೂ ಅದಕ್ಕೆ ಕಾರಣವಿರಬಹುದು.

ಕಳೆದ ರವಿವಾರ ಊಟವಾದ ಮೇಲೆ, “ನೀವಿಬ್ಬರೂ ಮಲಗ್ರಿ, ಹುಡುಗರನ್ನ ನಾ ನೋಡ್ಕೋತೀನಿ” ಎಂದು ಅತ್ತೆಯವರು ಮಕ್ಕಳನ್ನು ಪಡಸಾಲೆಗೆ ಕರೆದೊಯ್ದರು. ಎಚ್ಚರವಾದಾಗ ನಾಲ್ಕೂವರೆ. ಗಾಬರಿಯಿಂದ ಹೊರಗೆ ಬಂದೆವು. ಜಮಖಾನೆಯ ಮೇಲೆ ಮಗಳು ಅಡ್ಡಲಾಗಿ, ಕೂಸು ಅವಳ ಪಕ್ಕಕ್ಕೆ, ಇಬ್ಬರ ಮೇಲೆ ಒಂದೊಂದು ಕೈಯಿಟ್ಟು ಅತ್ತೆಯವರು. ಮೂವರೂ ಗಾಢ ನಿದ್ರೆಯಲ್ಲಿದ್ದರು. ಅಡುಗೆಮನೆಯಲ್ಲಿ ಎಚ್ಚರವಾಗಿದ್ದುದು ಬೆಕ್ಕೊಂದೇ. ಅದು ಹಾಲಿನ ಪಾತ್ರೆಯ ಬಳಿ ಕುಳಿತು ಮೀಸೆ ಒರೆಸಿಕೊಳ್ಳುತ್ತಿತ್ತು. ಯಾರನ್ನೂ ಎಬ್ಬಿಸದೆ, ಅಂದಿನ ಚಹಾವನ್ನು ಹಾಲಿಲ್ಲದೆಯೇ ಕುಡಿದೆವು.